ಅಠಾರ ಕಚೇರಿ

ಅರಮನೆಯನ್ನು ಕವಿಗಳು ವರ್ಣಿಸುತ್ತಾರೆ, ದೇವಾಲಯವನ್ನು ಭಕ್ತರು ಕೊಂಡಾಡುತ್ತಾರೆ. ಸರಕಾರಿ ಕಚೇರಿಯನ್ನು ಮಾತ್ರ ಪ್ರೀತಿಯಿಂದ ನೋಡುವವರು ವಿರಳ. ಅರ್ಜಿ ಹಿಡಿದು ಕಾದು ನಿಂತವನಿಗೆ ಕಂಬಗಳ ಸೊಬಗನ್ನು ನೋಡುವ ವ್ಯವಧಾನವೆಲ್ಲಿಯದು? ಆದರೂ ಬೆಂಗಳೂರಿನ ಅಠಾರ ಕಚೇರಿಯ ವಿಷಯವಾಗಿ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆನಿಸುತ್ತದೆ.

ಮೈಸೂರು ಸೀಮೆಯನ್ನು ಆಂಗ್ಲ ಕಮಿಶನರರು ಆಳುತ್ತಿದ್ದಾಗ, 1868ರಲ್ಲಿ ಈ ಕೆಂಪು ಕಟ್ಟಡವು ಪೂರ್ಣವಾಯಿತು. ಅದುವರೆಗೆ ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿದ್ದ ಇಲಾಖೆಗಳು ಇಲ್ಲಿಗೆ ಬಂದವು. ಅವು ಹದಿನೆಂಟಾದ ಕಾರಣ ಅಠಾರ ಕಚೇರಿಯೆಂಬ ಹೆಸರಾಯಿತು. ಕಟ್ಟಿಸಿದವರು ಪ್ರಜೆಗಳನ್ನು ಕೇಳಿ ಕಟ್ಟಿಸಿದವರಲ್ಲ; ಅದೇ ಪ್ರಜೆಗಳ ಪ್ರತಿನಿಧಿಗಳು ಮುಂದೊಂದು ದಿನ ಅಲ್ಲಿ ಕುಳಿತು ಕಾಯಿದೆಗಳನ್ನು ಮಾಡುವರೆಂದು ಅವರು ಎಣಿಸಿರಲಾರರು.

ಆದರೆ ಕಾಲಚಕ್ರವು ತಿರುಗಿತು. 1947ರಲ್ಲಿ ದೇಶವು ಸ್ವತಂತ್ರವಾದರೂ ಮೈಸೂರಿನ ಪ್ರಜೆಗಳಿಗೆ ಜವಾಬ್ದಾರಿ ಸರಕಾರವು ದೊರೆತಿರಲಿಲ್ಲ. ‘ಮೈಸೂರು ಚಲೋ’ ಎಂಬ ಕೂಗೆದ್ದಿತು, ಸೆರೆಮನೆಗಳು ತುಂಬಿದವು. ಅಕ್ಟೋಬರ ತಿಂಗಳಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲವು ಅಧಿಕಾರಕ್ಕೆ ಬಂದಿತು. ಸಂವಿಧಾನದ ಮೇರೆಗೆ ಆರಿಸಿಬಂದ ಮೊದಲನೆಯ ವಿಧಾನಸಭೆಯು 1952ನೆಯ ಇಸವಿ ಜೂನ್ 18ರಂದು ಕೂಡಿದ್ದು ಇದೇ ಅಠಾರ ಕಚೇರಿಯ ಸಭಾಂಗಣದಲ್ಲಿ. ಹುಕುಮು ಹೊರಡುತ್ತಿದ್ದ ಮನೆಯಲ್ಲಿ ಚರ್ಚೆ ನಡೆಯಿತು. ಇದಕ್ಕಿಂತ ಹಿರಿದಾದ ಗೃಹಪ್ರವೇಶವು ಯಾವುದಿದ್ದೀತು!

ಇದಿರಿಗೆ ವಿಧಾನಸೌಧವು ಎದ್ದು ನಿಂತು, 1956ರಲ್ಲಿ ಸಭೆಯು ಅಲ್ಲಿಗೆ ಹೋಯಿತು. ಆ ವರ್ಷದ ನವೆಂಬರ್ 1ರ ವರೆಗೆ ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳು ಮುಂಬಯಿ ರಾಜ್ಯದವು. ಆದುದರಿಂದ ಅಠಾರ ಕಚೇರಿಯಲ್ಲಿ ಶಾಸನಸಭೆಯಿದ್ದ ಆ ದಿನಗಳು ನಮ್ಮವಾಗಲಿಲ್ಲ. ಆ ಮನೆಯು ನಮಗೆ ದಕ್ಕಿದುದು ಉಚ್ಚ ನ್ಯಾಯಾಲಯವಾಗಿ.

ಹೊಲದ ದಾವೆಯೊಂದರ ಮೇಲ್ಮನವಿಗಾಗಿ ಸೋದರಮಾವನವರೊಡನೆ ನಾನು ಲಚ್ಯಾಣದಿಂದ ಅಲ್ಲಿಗೆ ಹೋಗಿದ್ದೆನು. ದಾರಿಯ ಖರ್ಚಿಗೆಂದು ಅವರು ಒಂದು ಎತ್ತನ್ನು ಮಾರಿದ್ದರು. ಎರಡೂ ಕಟ್ಟಡಗಳ ಇತಿಹಾಸವನ್ನು ನಾನು ಉತ್ಸಾಹದಿಂದ ಹೇಳಿ ಮುಗಿಸಿದಾಗ ಅವರು ರುಮಾಲಿನಿಂದ ಬೆವರೊರಸಿಕೊಂಡು, “ತಮ್ಮಾ, ಕಾಯ್ದೆ ಮಾಡೂದು ಆ ಮನ್ಯಾಗ, ಬಿಡಿಸಿ ಹೇಳೂದು ಈ ಮನ್ಯಾಗ. ಅದು ನಮ್ಮ ಊರ ಕಡೆ ಬರೂದು ಯಾವಾಗ?” ಎಂದರು. ನನ್ನ ಇತಿಹಾಸದಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಕೊನೆಗೆ ಹೊಲವು ಉಳಿಯಿತು. ಎತ್ತು ಮರಳಿ ಬರಲಿಲ್ಲ.

1980ರ ದಶಕದಲ್ಲಿ ಅಠಾರ ಕಚೇರಿಯನ್ನು ಕೆಡಹುವ ಹವಣಿಕೆ ನಡೆದಾಗ ಬೆಂಗಳೂರಿನ ನಾಗರಿಕರು ಅಡ್ಡ ನಿಂತರು, ಕಟ್ಟಡವು ಉಳಿಯಿತು. ಅವರ ಉಪಕಾರವನ್ನು ನಾವೂ ಸ್ಮರಿಸಬೇಕು. 2008ರಲ್ಲಿ ಕಲಬುರಗಿಯಲ್ಲಿ ಉಚ್ಚ ನ್ಯಾಯಾಲಯದ ಪೀಠವು ಆರಂಭವಾಗಿ, ವಿಜಯಪುರ ಜಿಲ್ಲೆಯು ಅದಕ್ಕೆ ಸೇರಿತು. ಕಲ್ಲಿನ ಮನೆಯನ್ನು ಉಳಿಸುವುದು ಒಂದು ಸೇವೆ. ಅದರ ಬಾಗಿಲನ್ನು ರೈತನ ಹೊಲಕ್ಕೆ ಹತ್ತಿರ ತರುವುದು ಇನ್ನೊಂದು ಸೇವೆ. ಎರಡನೆಯದು ನಡೆದಾಗಲೇ ಪ್ರಜೆಗಳು ಮೊದಲನೆಯದನ್ನು ತಮ್ಮ ಮನೆಯೆಂದಾರು.