ಅಪ್ಪನ ಯೆಜ್ಡಿ ಮತ್ತು ಒಡೆದ ಇಂಜಿನ್ ಕೇಸು

ಯೆಜ್ಡಿ ಬೈಕು ಗೊತ್ತಲ್ಲ ನಿಮಗೆ? ಒಂದೇ ಸಿಲಿಂಡರಿಗೆ ಎರಡೆರಡು ಸೈಲೆನ್ಸರು, ಊರಿಗೆಲ್ಲ ಕೇಳುವ ಸದ್ದು, ಹಿಂದೊಂದು ನೀಲಿ ಹೊಗೆಯ ಬಾಲ. ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್! ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1961ರಲ್ಲಿ. ಮೊದಲು ಜೆಕ್ ಹೆಸರಿನ ಜಾವಾ, 1973ರಿಂದ ಯೆಜ್ಡಿ, 1978ರಲ್ಲಿ ರೋಡ್‌ಕಿಂಗ್. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ನಾನು ಹುಟ್ಟಿದ್ದು ಅದರ ಮರುವರ್ಷ. ಹಾಗಾಗಿ ನನ್ನ ಮಟ್ಟಿಗೆ ಯೆಜ್ಡಿ ಯಾವತ್ತೂ ಹಳೇ ಬೈಕೇ.

ನಮ್ಮ ಮನೆಯದು 1987ರ ರೋಡ್‌ಕಿಂಗ್. ಗುತ್ತಿಗಾರಿನಿಂದ ಸುಳ್ಯಕ್ಕೆ ಅಡಿಕೆ ಗೋಣಿ ಹೊತ್ತದ್ದು, ಹೆರಿಗೆಗೆ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ದದ್ದು, ಟ್ಯಾಂಕಿನ ಮೇಲೆ ನನ್ನನ್ನು ಕೂರಿಸಿಕೊಂಡು ಸುಬ್ರಹ್ಮಣ್ಯದ ಷಷ್ಠಿಗೆ ಹೋದದ್ದು ಎಲ್ಲಾ ಅದೇ. ಒಂದು ಮಳೆಗಾಲ ಏರು ಹತ್ತುವಾಗ ಚೈನು ತುಂಡಾಗಿ ಸ್ಪ್ರಾಕೆಟ್ ಹತ್ತಿರ ಸುತ್ತಿಕೊಂಡು ಇಂಜಿನ್ ಕೇಸನ್ನೇ ಒಡೆಯಿತು. ಹೆಬ್ಬೆರಳಿನಷ್ಟು ಅಗಲದ ಚೂರು ಎಗರಿ ಹೋಯಿತು, ಉಳಿದಲ್ಲಿ ಬಿರುಕು. ಒಂದು ಗ್ಯಾರೇಜಿನಲ್ಲಿ ಅಂಟು ಮೆತ್ತಿ ಕಳಿಸಿದರು. ಹದಿನೈದು ದಿನಕ್ಕೆ ಮತ್ತೆ ಆಯಿಲ್ ಸೋರಲು ಶುರು. ಅಪ್ಪ ಬೇಜಾರಾಗಿ ಸೌದೆ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಅಲ್ಲಿಗೆ ಹನ್ನೆರಡು ವರ್ಷ! ನಮ್ಮೂರಿನ ಮಳೆ ಗೊತ್ತಿದ್ದವರಿಗೆ ಉಳಿದದ್ದನ್ನು ಹೇಳಬೇಕಿಲ್ಲ. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ, ಸೈಲೆನ್ಸರಿನೊಳಗೆ ಕಣಜದ ಗೂಡು.

ಹೋದ ವರ್ಷ ಗುಜರಿಯವ ಕೆಜಿ ಲೆಕ್ಕದಲ್ಲಿ ಕೇಳಿದ. ಅಪ್ಪ ಆಗಲಿ ಅಂದಿದ್ದರು. ನಾನು ಬೆಂಗಳೂರಿನಿಂದ ಫೋನ್ ಮಾಡಿ, "ಒಂದು ತಿಂಗಳು ತಡೀರಿ ಅಪ್ಪ, ನೋಡುವ" ಅಂದೆ.

ಬೈಕಿನಲ್ಲಿ ಬೇರೆ ಏನನ್ನಾದರೂ ಬದಲಾಯಿಸಬಹುದು. ಪಿಸ್ಟನ್ನು, ಕಾರ್ಬ್ಯುರೇಟರು, ಚಕ್ರ, ಸೀಟು ಯಾವುದಕ್ಕೂ ಸರ್ಕಾರದ ಅಪ್ಪಣೆ ಬೇಡ. ಆದರೆ ಇಂಜಿನ್ ನಂಬರ್ ಕೊರೆದಿರುವುದು ಈ ಕೇಸಿನ ಮೇಲೆ. ಆರ್‌ಸಿಯಲ್ಲಿರುವುದು ಅದೇ ನಂಬರು. ಬೇರೆ ಕೇಸು ಹಾಕಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಟಿಒ ಒಪ್ಪಿಗೆ ಪಡೆದು ದಾಖಲೆ ತಿದ್ದಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದಾಗ ಒಂದು ಹಳೇ ಕೇಸು ಸಿಕ್ಕಿತು ಕೂಡಾ, ಎಡಬದಿಯ ಅರ್ಧ ಮಾತ್ರ. ಈ ಕೇಸು ಎರಡು ಹೋಳು. ಬೇರಿಂಗ್ ಕೂರುವ ತೂತುಗಳು ಒಂದೇ ಗೆರೆಯಲ್ಲಿ ಬರಲಿ ಎಂದು ಎರಡನ್ನೂ ಜೋಡಿಸಿಟ್ಟೇ ಕೊರೆದಿರುತ್ತಾರೆ. ಒಂದು ಬೈಕಿನ ಎಡಹೋಳನ್ನು ಇನ್ನೊಂದರ ಬಲಹೋಳಿಗೆ ಹಾಕಿದರೆ ಕ್ರ್ಯಾಂಕು ಸಲೀಸಾಗಿ ತಿರುಗುತ್ತದೆ ಎಂಬ ಭರವಸೆಯಿಲ್ಲ.

ಅಪ್ಪನಿಗೆ ಈ ಲೆಕ್ಕಾಚಾರವೆಲ್ಲ ಬೇಕಿರಲಿಲ್ಲ. "ಬೇರೆ ಕೇಸು ಹಾಕಿದ್ರೆ ಅದು ನಮ್ಮ ಬೈಕು ಹೇಗೆ ಆಗ್ತದೆ ಮಾರಾಯ? ಹಾಗಾದ್ರೆ ಗುಜರಿಗೇ ಹೋಗ್ಲಿ" ಅಂದರು. ಅಲ್ಲಿಗೆ ದಾರಿ ಒಂದೇ ಉಳಿಯಿತು. ಒಡೆದದ್ದನ್ನೇ ಸರಿ ಮಾಡಬೇಕು.

ನಾನು ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಸೇರಿದವ. ನಮ್ಮಲ್ಲಿ ಕೋಡ್ ಕೆಟ್ಟರೆ ನಿನ್ನೆಯ ಪ್ರತಿ ತಗೊಂಡರಾಯಿತು. ಲೋಹಕ್ಕೆ ನಿನ್ನೆ ಅಂತ ಇಲ್ಲ. ಹಾಗಾಗಿ ಪುತ್ತೂರಿನಲ್ಲಿ ಯೆಜ್ಡಿಯನ್ನೇ ಜೀವಮಾನವಿಡೀ ಬಿಚ್ಚಿದ ಹಿರಿಯ ಮೆಕ್ಯಾನಿಕ್ ಒಬ್ಬರಲ್ಲಿಗೆ ಇಂಜಿನ್ ತಗೊಂಡು ಹೋದೆ. ಅವರು ಕೇಸನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಬಿರುಕು ಎಲ್ಲಿಯವರೆಗೆ ಹೋಗಿದೆ?"

ಅದು ಯಾಕೆ ಮುಖ್ಯ ಅಂತ ಹೇಳುತ್ತೇನೆ. ಯೆಜ್ಡಿ ಟೂ ಸ್ಟ್ರೋಕ್ ಇಂಜಿನ್. ಇದರಲ್ಲಿ ಪೆಟ್ರೋಲು ಮತ್ತು ಗಾಳಿಯ ಮಿಶ್ರಣ ಮೊದಲು ಬರುವುದು ಕ್ರ್ಯಾಂಕ್ ಇರುವ ಕೋಣೆಗೆ. ಪಿಸ್ಟನ್ ಕೆಳಗಿಳಿಯುವಾಗ ಅಲ್ಲಿಂದ ಒತ್ತಡದಲ್ಲಿ ಮೇಲೆ ಹೋಗುತ್ತದೆ. ಅಂದರೆ ಕೇಸು ಬರೀ ಡಬ್ಬಿಯಲ್ಲ, ಪಂಪು. ಬಿರುಕು ಗೇರುಗಳ ಕೋಣೆಯಲ್ಲಿದ್ದರೆ ಆಯಿಲ್ ಸೋರುತ್ತದೆ, ಅಷ್ಟೇ. ಕ್ರ್ಯಾಂಕ್ ಕೋಣೆಗೆ ತಲುಪಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗಿ, ಪೆಟ್ರೋಲಿನ ಜತೆ ಬರುವ ಆಯಿಲೂ ಸಾಲದೆ, ಪಿಸ್ಟನ್ ಕಾದು ಸಿಕ್ಕಿಹಾಕಿಕೊಳ್ಳುತ್ತದೆ. ಬೇರಿಂಗ್ ಮನೆಯನ್ನೇ ಸೀಳಿದ್ದರೆ ಕೈಮುಗಿದು ವಾಪಸ್ ಬರುವುದೇ!

ಎರಡು ಹೋಳು ಬೇರೆ ಮಾಡುವಾಗ ಅವರು ಸ್ಕ್ರೂಡ್ರೈವರ್ ತೂರಿಸಿ ಮೀಟಲೇ ಇಲ್ಲ. ಮರದ ಸುತ್ತಿಗೆ, ಮತ್ತೆ ಬಿಸಿ, ಅಷ್ಟೇ. ಕೂಡುವ ಮುಖಕ್ಕೆ ಒಂದು ಗೀರು ಬಿದ್ದರೂ ಮುಂದೆ ಅಲ್ಲಿಂದಲೇ ಗಾಳಿ. ಬಿಸಿ ಮಾಡಿದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದಲ್ಲ, ಬೇರಿಂಗು ತಾನಾಗಿ ಕಳಚಿ ಬಿತ್ತು. ನಾನು ನಾಲ್ಕನೇ ಸೆಮಿಸ್ಟರಿನಲ್ಲಿ ಬಾಯಿಪಾಠ ಮಾಡಿದ್ದನ್ನು ಅವರು ದಿನಾ ಮಾಡುತ್ತಿದ್ದಾರೆ.

ಆಮೇಲೆ ಹಳೇ ಅಂಟೆಲ್ಲ ಕೆರೆದು, ತೊಳೆದು, ಒಣಗಿಸಿ, ಬಿರುಕಿನ ಮೇಲೆ ಸೀಮೆಎಣ್ಣೆ ಹಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಉದುರಿಸಿದರು. ಬಿರುಕಿನೊಳಗೆ ಉಳಿದ ಎಣ್ಣೆ ಮೇಲೆ ಬಂದು ಬಿಳಿ ಪುಡಿಯಲ್ಲಿ ಕಪ್ಪು ಗೆರೆ ಮೂಡಿತು. ಕಣ್ಣಿಗೆ ಕಾಣುತ್ತಿದ್ದದ್ದಕ್ಕಿಂತ ಎರಡರಷ್ಟು ಉದ್ದ! ಎದೆ ಧಸಕ್ಕೆಂದಿತು. ಆದರೆ ಗೆರೆ ಕ್ರ್ಯಾಂಕ್ ಕೋಣೆಯ ಗೋಡೆಗೆ ಒಂದು ಬೆರಳು ಇರುವಾಗ ನಿಂತಿತ್ತು. "ಬಚಾವ್" ಅಂದರು ಅವರು. ಗೆರೆ ಮುಗಿದಲ್ಲಿ ಒಂದು ಸಣ್ಣ ತೂತು ಕೊರೆದರು. ತುದಿ ಚೂಪಾಗಿದ್ದರೆ ಬಿರುಕು ಮುಂದೆ ಓಡುತ್ತದೆ, ದುಂಡಗಿನ ತೂತಿಗೆ ಬಂದರೆ ನಿಲ್ಲುತ್ತದೆ.

ವೆಲ್ಡಿಂಗ್ ಮಂಗಳೂರಿನ ಬೈಕಂಪಾಡಿಯಲ್ಲಿ, ಆರ್ಗಾನ್ ಹಾಕಿ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಗೆ, ಅದರ ಮೇಲಿನ ಆಕ್ಸೈಡ್ ಪೊರೆ ಕರಗುವುದು 2000 ಡಿಗ್ರಿಯೂ ದಾಟಿದ ಮೇಲೆ. ಕೆನೆ ಕಟ್ಟಿದ ಹಾಲಿನ ಹಾಗೆ ಒಳಗೆ ನೀರು, ಮೇಲೆ ಚರ್ಮ. ಆ ಪೊರೆಯನ್ನು ಒಡೆಯುವುದಕ್ಕಾಗಿಯೇ ಇದಕ್ಕೆ ಎಸಿ ಕರೆಂಟು ಬೇಕು. ಎರಕದ ಅಲ್ಯೂಮಿನಿಯಂ ವರ್ಷಗಟ್ಟಲೆ ಕುಡಿದ ಆಯಿಲು ಬೇರೆ ಇರುತ್ತದಲ್ಲ, ಮೊದಲ ಸಲ ಬಿಸಿ ಮಾಡಿದಾಗ ಕೇಸು ಬೆವರಿತು. ಒರೆಸಿ ಮತ್ತೆ ಬಿಸಿ ಮಾಡಿದರು. ಸಾಕಾಯಿತಾ ಅಂತ ನೋಡಿದ್ದು ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ: ಹನಿ ಮುತ್ತಾಗಿ ಓಡಬೇಕು. ಸೊಟ್ಟಗಾಗದಿರಲಿ ಎಂದು ಎರಡೂ ಹೋಳು ಬೋಲ್ಟು ಬಿಗಿದೇ ಬೆಸುಗೆ ಹಾಕಿದರು. ಎಗರಿ ಹೋದ ಚೂರಿನ ಜಾಗಕ್ಕೆ ಹಳೇ ಕೇಸಿನಿಂದ ಕತ್ತರಿಸಿದ ತುಂಡು. ನಂತರ ಬಿಸಿ ಮರಳಿನಲ್ಲಿ ಹೂತಿಟ್ಟು ರಾತ್ರಿಯಿಡೀ ನಿಧಾನ ತಣಿಸಿದರು. ವೆಲ್ಡರಿಗೆ ನಾನು ಹೇಳಿದ್ದು ಒಂದೇ: "ನಂಬರಿದ್ದ ಜಾಗಕ್ಕೆ ಬೆಂಕಿ ತಾಗಿಸಬೇಡಿ ಅಣ್ಣ." ಅವರು ಆಗಲೇ ಅಲ್ಲಿಗೆ ಒದ್ದೆ ಬಟ್ಟೆ ಸುತ್ತಿಯಾಗಿತ್ತು.

ಹೊಸ ಸೀಲು ಹಾಕಿ ಜೋಡಿಸಿದ ಮೇಲೆ ಪರೀಕ್ಷೆಗೆ ಅಮ್ಮನ ಬಿಪಿ ಯಂತ್ರ ಬಂತು! ಇಂಜಿನ್ನಿನ ಬಾಯಿಗಳನ್ನೆಲ್ಲ ಮುಚ್ಚಿ, ಒಂದಕ್ಕೆ ಬಿಪಿ ಯಂತ್ರದ ಕೊಳವೆ ಸಿಕ್ಕಿಸಿ ಬಲ್ಬು ಒತ್ತಿದೆವು. 250ಕ್ಕೆ ಏರಿಸಿದ ಮುಳ್ಳು ಐದು ನಿಮಿಷ ಅಲ್ಲಾಡಲಿಲ್ಲ. ಸೋಪಿನ ನೀರು ಹಚ್ಚಿದಲ್ಲಿ ಒಂದು ಗುಳ್ಳೆಯಿಲ್ಲ. ಅಮ್ಮನ ಬಿಪಿ ಮಾತ್ರ ಆವತ್ತು ಸ್ವಲ್ಪ ಜಾಸ್ತಿಯಿತ್ತು.

ಬೆಸುಗೆಯ ಗಾಯ ಈಗಲೂ ಕಾಣುತ್ತದೆ. ಪಾಲಿಶ್ ಹಾಕಿ ಮುಚ್ಚಬಹುದಿತ್ತು, ಅಪ್ಪ ಬೇಡ ಅಂದರು. ಅಪ್ಪನ ಮೊಣಕಾಲಿಗೆ ಈಗ ಕಿಕ್ ಹೊಡೆಯಲು ಆಗುವುದಿಲ್ಲ. ನಾನು ಸ್ಟಾರ್ಟ್ ಮಾಡಿ ಕೊಟ್ಟರೆ ವಳಲಂಬೆಯವರೆಗೆ ಒಂದು ಸುತ್ತು ಹೋಗಿ ಬರುತ್ತಾರೆ.

ಯೆಜ್ಡಿ ಹೆಸರು 2022ರಲ್ಲಿ ಮತ್ತೆ ಬಂತು, ಮಧ್ಯಪ್ರದೇಶದ ಪೀತಂಪುರದಿಂದ, ಫೋರ್ ಸ್ಟ್ರೋಕ್ ಆಗಿ. ಒಳ್ಳೆಯದೇ. ಆದರೆ ಮೈಸೂರಿನವು ಇನ್ನು ಹುಟ್ಟುವುದಿಲ್ಲ. ಸೀಮೆಎಣ್ಣೆ, ಸೀಮೆಸುಣ್ಣ ಇಟ್ಟುಕೊಂಡ ಇಂಥ ನಾಲ್ಕು ಜನ ಇರುವವರೆಗೆ ಇದ್ದವು ಓಡುತ್ತವೆ. ಅವರೆಲ್ಲ ಅರವತ್ತು ದಾಟಿದವರು. ನಿಮ್ಮ ಕೊಟ್ಟಿಗೆಯಲ್ಲೂ ಒಂದಿದ್ದರೆ ಈಗಲೇ ಹೊರಗೆ ತೆಗೆಯಿರಿ. ಗುಜರಿಯವನಿಗೆ ಏನೂ ಅವಸರವಿಲ್ಲ, ಅವನು ಹೇಗೂ ಬರುತ್ತಾನೆ.