ಹೊಲಿಗೆ, ಹೋಳಿಗೆ ಮತ್ತೆ ನಮ್ಮವ್ವ

ಫೋಟೋ 1: ಬೀರು ಮೇಲೆ ಅಂಟಿಸಿದ ಪಟ್ಟಿ
ಮಾರ್ಚ್ 19, ಗುರುವಾರ ಯುಗಾದಿ ಹಬ್ಬ, 20ಕ್ಕೆ ಹೊಸತೊಡಕು. ಹೊಸ ಸಂವತ್ಸರದ ಹೆಸರು ‘ಪರಾಭವ’. ಎಕ್ಸಾಂ ಬರೆಯೋರು ಹೆದರ್ಬೇಡಿ, ಅದು ಹೆಸರಷ್ಟೇ. ನಮ್ಮಂಥ ಬಿಕಾಂನವರಿಗೆ ವರ್ಷ ಎರಡು ಸಲ ಮುಗಿಯುತ್ತೆ: ಯುಗಾದಿಗೊಂದ್ಸಲ, ಮಾರ್ಚ್ 31ಕ್ಕೊಂದ್ಸಲ.

ನಮ್ ಮನೇಲಿ ಏಳು ಜನ. ನಾನು ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ದಿನಾ ಬಸ್ಸಲ್ಲಿ ಓಡಾಡ್ತೀನಿ. ಅವ್ವ ಬ್ಲೌಸ್ ಹೊಲೀತಾಳೆ. ಹಬ್ಬ ಬಂತಂದ್ರೆ ಅವಳಿಗೆ ಹೊಲಿಗೆ, ಹೋಳಿಗೆ ಎರಡೂ ಒಟ್ಟಿಗೆ. ಪ್ರತಿ ವರ್ಷ ಎಲ್ರೂ ಉಂಡು ಮಲಗಿದ ಮೇಲೆ ನಾಲ್ಕು ಗಂಟೆಗೆ ಒಲೆ ಪಕ್ಕ ನಿಂತ್ಕೊಂಡೇ ತಿಂತಾಳೆ. ರಾತ್ರಿ ಕಾಲು ನೋವು. ಈ ಸಲ ಪಟ್ಟಿಯ ಮೊದಲ ಸಾಲು ನಾನೇ ಬರೆದೆ: ‘ಅವ್ವ ಮೊದಲ ಪಂಕ್ತೀಲಿ ಕೂರ್ಬೇಕು.’

ಫೋಟೋ 2: ಅಟ್ಟ
ಶುರು ಮಾಡಿದ್ದು ಮಾರ್ಚ್ 8, ಭಾನುವಾರ. ಮೇಲಿಂದ ಕೆಳಕ್ಕೆ ಬನ್ನಿ: ಅಟ್ಟ, ಜೇಡರ ಬಲೆ, ಗೋಡೆ, ಕೊನೆಗೆ ನೆಲ. ನೆಲ ಮೊದಲು ತೊಳೆದ್ರೆ ಎರಡು ಸಲ ತೊಳೀಬೇಕು. ದಿನಕ್ಕೆ ಒಂದೇ ಜಾಗ, ಒಂದೇ ಗಂಟೆ. ಗಂಟೆ ಆಯ್ತಾ, ಪೊರಕೆ ಕೆಳಗಿಡಿ.

ಫೋಟೋ 3: ಹಿತ್ತಾಳೆ ಬಿಂದಿಗೆ
ಇದು ತಮ್ಮನ ಪಾಲು. ಹುಣಸೆಹಣ್ಣು, ಉಪ್ಪು, ಅಷ್ಟೇ. ಹುಣಸೆ ಹುಳಿಗೆ ಕಪ್ಪು ಬಿಡುತ್ತೆ. ವಾರದ ಮುಂಚೆ ಬೆಳಗಿದ್ರೆ ಹಬ್ಬಕ್ಕೆ ಮತ್ತೆ ಮಂಕಾಗುತ್ತೆ, ಅದಕ್ಕೆ ಮಂಗಳವಾರ ಕೊಟ್ವಿ.

ಫೋಟೋ 4: ಮುಟ್ಟದೇ ಬಿಟ್ಟಿದ್ದು
ಹಾಸಿಗೆ, ರಗ್ಗು ಎಲ್ಲಾ ಒಗೀಬೇಕು ಅಂತ ಚಿಕ್ಕಮ್ಮ ಹಠ ಹಿಡಿದ್ರು. ಅಜ್ಜಿ ಎಲೆ ಅಡಿಕೆ ಹಾಕ್ಕೊಂಡು ಅಂದಿದ್ದು: “ದೇವ್ರು ಬಂದು ರಗ್ಗು ಎತ್ತಿ ನೋಡ್ತನಾ ಕೂಸೇ? ಹೊದ್ಕೊಳ್ಳೋದ್ ಒಗೀರಿ, ಮಿಕ್ಕಿದ್ ಬುಡಿ.” ಅಲ್ಲಿಗೆ ಅರ್ಧ ಕೆಲಸ ಕಮ್ಮಿ ಆಯ್ತು. ಏನ್ ಮಾಡ್ಬೇಕು ಅನ್ನೋ ಪಟ್ಟಿ ಎಲ್ರೂ ಬರೀತಾರೆ. ಏನ್ ಬಿಡ್ಬೇಕು ಅನ್ನೋದನ್ನೂ ಬರೀರಿ.

ಫೋಟೋ 5: ಊಟಿ ಅತ್ತೆ ಕಾರು
ಬಂಡೀಪುರ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಹಾಗಾಗಿ ಅತ್ತೆ ಮನೆಯವ್ರು ಬುಧವಾರ ಸಂಜೇನೇ ಬಂದ್ರು. ಆ ರಾತ್ರಿ ಮುದ್ದೆ, ಸೊಪ್ಪಿನ ಸಾರು ಮಾತ್ರ. ನೆಂಟರು ಬಂದ ರಾತ್ರೀನೇ ಹಬ್ಬದಡಿಗೆ ಮಾಡಿದ್ರೆ ಹಬ್ಬದ ದಿನಕ್ಕೆ ಶಕ್ತಿ ಉಳಿಯಲ್ಲ. ಬಂದವರ ಕೈಗೂ ಕೆಲಸ ಕೊಡಿ, ಬೇಜಾರಾಗಲ್ಲ. ಅತ್ತೆ ಬೇಳೆ ಬೇಯಿಸಿ ಕಟ್ಟು ಬಸಿದು ಒಬ್ಬಟ್ಟಿನ ಸಾರಿಗೆ ಎತ್ತಿಟ್ರು, ಮಾವ ಹೂರಣ ರುಬ್ಬಿದ್ರು, ಅಪ್ಪ ತವಾ ಮುಂದೆ ನಿಂತ.

ಫೋಟೋ 6: ಬಾಳೆ ಎಲೆ
ಬೇವು ಬೆಲ್ಲ ಆಯ್ತು. ಅವ್ವ ಮೊದಲ ಪಂಕ್ತೀಲಿ ಕೂತ್ಲು. ತುಪ್ಪ ತರ್ತೀನಿ ಅಂತ ಒಂದ್ಸಲ, ನೀರಿಗೆ ಅಂತ ಇನ್ನೊಂದ್ಸಲ ಎದ್ಲು. ಮೂರನೇ ಸಲ ಅಜ್ಜಿ ಸೆರಗು ಹಿಡ್ಕೊಂಡು ಕೂರಿಸಿದ್ರು. ಬಿಸಿ ಒಬ್ಬಟ್ಟು ಮುರಿದು ಬಾಯಿಗಿಟ್ಕೊಂಡು ನಮ್ಮವ್ವ ಹೇಳಿದ್ದು ಒಂದೇ ಮಾತು: “ಸಾರಿಗೆ ಉಪ್ಪು ಕಮ್ಮಿ.”

ಅತ್ತೆ ನಕ್ಕುಬಿಟ್ರು. ಉಪ್ಪು ತರೋಕೆ ಮಾತ್ರ ತಮ್ಮನೇ ಎದ್ದ.

ನಿಮ್ ಮನೇಲಿ ಮೊದಲ ಪಂಕ್ತೀಲಿ ಯಾರ್ ಕೂತ್ರು? ಕಾಮೆಂಟಲ್ಲಿ ಹೇಳಿ.

#ಯುಗಾದಿ #ಗುಂಡ್ಲುಪೇಟೆ #ಚಾಮರಾಜನಗರ #ಒಬ್ಬಟ್ಟು