ಕೊನೆಯ ಕೋಣೆಗೂ ತಲುಪಬೇಕು

ಮನೆಗೆ ಒಂದು ಸೌಲಭ್ಯ ಬಂದಿದೆ ಎಂಬುದಕ್ಕೂ ಮನೆಯ ಎಲ್ಲರಿಗೂ ಅದು ದಕ್ಕಿದೆ ಎಂಬುದಕ್ಕೂ ಬಹಳ ಅಂತರವಿದೆ. ನಲ್ಲಿಯ ನೀರು ಅಂಗಳದವರೆಗೆ ಬಂದು ನಿಂತರೆ, ಅದನ್ನು ಒಳಗೆ ಹೊರುವ ಕೆಲಸವು ಯಾರೋ ಒಬ್ಬರ ತಲೆಯ ಮೇಲೆ ಉಳಿಯುತ್ತದೆ. ಅಂತರ್ಜಾಲದ ವಿಷಯವೂ ಇದಕ್ಕಿಂತ ಭಿನ್ನವಲ್ಲ. ಪಡಸಾಲೆಯಲ್ಲಿ ಕುಳಿತವನಿಗೆ ಕ್ಷಣಾರ್ಧದಲ್ಲಿ ಲೋಕವೆಲ್ಲ ಕಾಣುತ್ತಿರುವಾಗ, ಅದೇ ಮನೆಯ ಹಿಂಬದಿಯ ಕೋಣೆಯಲ್ಲಿರುವ ವೃದ್ಧರಿಗೆ ಮಗನ ಮುಖವೂ ಕಾಣದಿರಬಹುದು. ಮನೆಯ ವೈಫೈ ಸರಿಪಡಿಸುವ ಸಣ್ಣ ಕೆಲಸವೊಂದು ನನಗೆ ಈ ಅಂತರವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟಿತು.

ಯಾದಗಿರಿ, ಶಹಾಪುರ, ಸುರಪುರಗಳನ್ನೊಳಗೊಂಡ ನಮ್ಮ ಸಗರ ನಾಡಿನಲ್ಲಿ ಹಳೆಯ ಮನೆಗಳನ್ನು ಕಟ್ಟಿದವರು ಬಿಸಿಲನ್ನು ಚೆನ್ನಾಗಿ ಬಲ್ಲವರಾಗಿದ್ದರು. ಬೇಸಿಗೆಯಲ್ಲಿ 40 ಡಿಗ್ರಿಯನ್ನು ದಾಟುವ ಕಾವನ್ನು ತಡೆಯಲು ಅವರು ಕಲ್ಲು ಮತ್ತು ಮಣ್ಣಿನಿಂದ ಎರಡು ಅಡಿಗೂ ಮಿಕ್ಕಿದ ದಪ್ಪದ ಗೋಡೆಗಳನ್ನು ಎಬ್ಬಿಸಿದರು. ನೆಲಕ್ಕೆ ಶಹಾಬಾದಿನ ಪರಸಿಯನ್ನು ಹಾಸಿದರು. ಕಿಟಕಿಗಳನ್ನು ಚಿಕ್ಕದಾಗಿ ಇರಿಸಿದರು. ಶಹಾಪುರದಲ್ಲಿ, ಬುದ್ಧನು ಮಲಗಿರುವಂತೆ ಕಾಣುವ ಬೆಟ್ಟಸಾಲಿನ ಆಸುಪಾಸಿನಲ್ಲಿರುವ ನಮ್ಮ ಮನೆಯೂ ಅಂಥದ್ದೇ. ಬೆಟ್ಟದ ಮರೆಯಲ್ಲಿರುವುದರಿಂದ ನಮ್ಮ ಓಣಿಗೆ ಮೊಬೈಲ್ ಸಿಗ್ನಲ್ ದುರ್ಬಲವಾಗಿ ಬರುತ್ತದೆ. ಆದುದರಿಂದ ಫೈಬರ್ ಸಂಪರ್ಕವನ್ನು ಪಡೆಯಲಾಗಿತ್ತು. ಆದರೆ ಅದರ ರೂಟರ್ ಇದ್ದುದು ಮುಂಭಾಗದ ಪಡಸಾಲೆಯಲ್ಲಿ. ಅಲ್ಲಿಂದ ತೆರೆದ ಅಂಗಳ, ಅದರಾಚೆ ಅಡುಗೆಮನೆ, ಅದರ ಹಿಂದೆ ನನ್ನ ತಾಯಿಯವರ ಕೋಣೆ. ಅಣ್ಣನವರು ಹಲವು ವರ್ಷಗಳಿಂದ ಸೌದಿ ಅರೇಬಿಯದ ದಮ್ಮಾಮಿನಲ್ಲಿ ದುಡಿಯುತ್ತಿದ್ದಾರೆ. ಪ್ರತಿ ಶುಕ್ರವಾರ ಅವರ ಕರೆ ಬಂದಾಗ, ಮೊಣಕಾಲು ನೋವಿನ ತಾಯಿಯವರು ಗೋಡೆ ಹಿಡಿದು ಅಂಗಳ ದಾಟಿ ಪಡಸಾಲೆಗೆ ಬರಬೇಕಾಗಿತ್ತು.

ನಡಿಗೆಯ ಕಷ್ಟಕ್ಕಿಂತ ದೊಡ್ಡ ಕಷ್ಟವೊಂದು ಅಲ್ಲಿತ್ತು. ಪಡಸಾಲೆಯಲ್ಲಿ ಬಂದವರು ಹೋದವರು ಇರುತ್ತಾರೆ. ಎಲ್ಲರೆದುರು ತಾಯಿಯು ಮಗನೊಡನೆ ಆಡಬಹುದಾದದ್ದು ಕ್ಷೇಮ ಸಮಾಚಾರವನ್ನು ಮಾತ್ರ. ಊಟವಾಯಿತೇ, ಆರೋಗ್ಯವೇ, ರಜೆ ಯಾವಾಗ ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಒಮ್ಮೆ ತಾಯಿಯವರು, “ಬೇಟಾ, ಫೋನು ನನ್ನ ಕೋಣೆಗೆ ಬರುವ ಹಾಗೆ ಏನಾದರೂ ಮಾಡು” ಎಂದರು. ಅವರು ಕೇಳಿದ್ದು ತಂತ್ರಜ್ಞಾನವನ್ನಲ್ಲ. ಮಗನೊಡನೆ ಮನಸ್ಸು ಬಿಚ್ಚಿ ಮಾತನಾಡುವ ಏಕಾಂತವನ್ನು.

ಗೋಡೆಯ ಮುಂದೆ ಅಲೆಯ ಸೋಲು

ಪಕ್ಕದ ಮನೆಯ ರೈತ ಕಾಕಾ ನಮ್ಮ ಪ್ರಯತ್ನವನ್ನು ನೋಡಿ ನಕ್ಕರು: “ತಮ್ಮಾ, ಈ ಗ್ವಾಡ್ಯಾಗ ಬಿಸಿಲೇ ಒಳಗ ಬರಲ್ಲ, ನಿನ್ನ ವೈಫೈ ಹ್ಯಾಂಗ ಬರ್ತದ?” ಅವರ ಮಾತಿನಲ್ಲಿ ವಿಜ್ಞಾನವೇ ಅಡಗಿತ್ತು. ವೈಫೈ ಎಂಬುದು ರೇಡಿಯೋ ಅಲೆ. ಮನೆಗಳಲ್ಲಿ ಅದು ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ ಸಂಚರಿಸುತ್ತದೆ. ಮೊದಲನೆಯದರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಎರಡನೆಯದರದು ಸುಮಾರು ಅದರ ಅರ್ಧ. 5 ಗಿಗಾಹರ್ಟ್ಸ್ ಅಲೆಯು ಹೆಚ್ಚು ಮಾಹಿತಿಯನ್ನು ವೇಗವಾಗಿ ಹೊರುತ್ತದೆಯಾದರೂ ಗೋಡೆಯೆದುರು ಬೇಗನೆ ಸೋಲುತ್ತದೆ. 2.4 ಗಿಗಾಹರ್ಟ್ಸ್ ಅಲೆಯು ನಿಧಾನಿ, ಆದರೆ ಹೆಚ್ಚು ದೂರ ಹೋಗಬಲ್ಲದು. ದಪ್ಪ ಕಲ್ಲು ಮತ್ತು ಮಳೆಗಾಲದಲ್ಲಿ ತೇವಗೊಂಡ ಮಣ್ಣು ಎರಡನ್ನೂ ಹೀರಿಕೊಳ್ಳುತ್ತವೆ. ತಗಡಿನ ಶೀಟು, ಕಬ್ಬಿಣದ ಅಲಮಾರಿ, ದೊಡ್ಡ ಕನ್ನಡಿಗಳು ಅಲೆಯನ್ನು ಹಿಂದಕ್ಕೆ ತಳ್ಳುತ್ತವೆ.

ಈ ಶಕ್ತಿಯನ್ನು ಅಳೆಯಲು ಡಿಬಿಎಂ ಎಂಬ ಮಾನವಿದೆ. ಅದು ಋಣ ಸಂಖ್ಯೆಯಲ್ಲಿರುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು. 10 ಅಂಕಗಳಷ್ಟು ಕೆಳಗಿಳಿದರೆ ಬಲವು ಹತ್ತನೆಯ ಒಂದು ಭಾಗಕ್ಕೆ ಇಳಿದಂತೆ. ವಿಡಿಯೋ ಕರೆಗೆ ಸಾಮಾನ್ಯವಾಗಿ ಮೈನಸ್ 67ಕ್ಕಿಂತ ಉತ್ತಮವಾಗಿರಬೇಕು. ಮೊಬೈಲಿನ ಉಚಿತ ಅಪ್ಲಿಕೇಶನ್ ಒಂದರಿಂದ ಅಳೆದಾಗ ಪಡಸಾಲೆಯಲ್ಲಿ ಮೈನಸ್ 42, ಅಂಗಳದಲ್ಲಿ ಮೈನಸ್ 58, ಅಡುಗೆಮನೆಯ ಬಾಗಿಲಲ್ಲಿ ಮೈನಸ್ 64, ತಾಯಿಯವರ ಹಾಸಿಗೆಯ ಬಳಿ ಮೈನಸ್ 86 ಕಂಡಿತು. ಒಂದೇ ಸೂರಿನ ಕೆಳಗೆ ಇಷ್ಟೊಂದು ವ್ಯತ್ಯಾಸ!

ಕೊಡುವ ಮೊದಲು ಪಡೆಯಬೇಕು

ಇಂತಹ ಮನೆಗಳಿಗೆ ಇರುವ ಪರಿಹಾರವೇ ಮೆಶ್ ವೈಫೈ. ಒಂದೇ ರೂಟರಿನ ಧ್ವನಿಯನ್ನು ಏರಿಸುವ ಬದಲು, ಎರಡು ಮೂರು ಘಟಕಗಳನ್ನು ಮನೆಯಲ್ಲಿ ಹರಡಿ, ಒಂದು ಪಡೆದುದನ್ನು ಇನ್ನೊಂದು ಮುಂದಕ್ಕೆ ಸಾಗಿಸುವ ವ್ಯವಸ್ಥೆಯಿದು. ಎಲ್ಲಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್. ನಡೆದಾಡುವಾಗ ಮೊಬೈಲು ತಾನಾಗಿ ಹತ್ತಿರದ ಘಟಕಕ್ಕೆ ಅಂಟಿಕೊಳ್ಳುತ್ತದೆ. ಬೇರೆ ಬೇರೆ ತಯಾರಕರ ಘಟಕಗಳು ಹೊಂದಿಕೊಳ್ಳಲೆಂದು 2018ರಲ್ಲಿ ವೈಫೈ ಅಲಯನ್ಸ್ ಸಂಸ್ಥೆಯು ಈಸಿಮೆಶ್ ಎಂಬ ಮಾನದಂಡವನ್ನು ಹೊರತಂದಿತಾದರೂ, ಎಲ್ಲ ಘಟಕಗಳೂ ಅದನ್ನು ಪಾಲಿಸುವುದಿಲ್ಲ. ಒಂದೇ ತಯಾರಕರ ಜೋಡಿಯನ್ನು ಕೊಳ್ಳುವುದು ಕ್ಷೇಮ.

ನಾವು ಮೂರು ಘಟಕಗಳ ಜೋಡಿಯನ್ನು ತಂದೆವು. ಅಳವಡಿಸಲು ಬಂದ ಹುಡುಗನು ಮೊದಲನೆಯದನ್ನು ಪಡಸಾಲೆಯಲ್ಲಿ, ಎರಡನೆಯದನ್ನು ಮಹಡಿಯಲ್ಲಿ, ಮೂರನೆಯದನ್ನು ನೇರವಾಗಿ ತಾಯಿಯವರ ತಲೆದಿಂಬಿನ ಪಕ್ಕದಲ್ಲಿ ಇರಿಸಿ ಹೊರಟುಹೋದನು. ಮೊಬೈಲಿನಲ್ಲಿ ಸಿಗ್ನಲಿನ ಗೆರೆಗಳೆಲ್ಲ ತುಂಬಿ ನಿಂತವು. ಆದರೆ ಕರೆ ಬಂದಾಗ ಅಣ್ಣನವರ ಮುಖವು ಕಲ್ಲಿನಂತೆ ಸ್ತಬ್ಧವಾಯಿತು, ಮಾತು ತುಂಡು ತುಂಡಾಯಿತು. ತಾಯಿಯವರು ಏನೂ ಹೇಳದೆ ಮತ್ತೆ ಗೋಡೆ ಹಿಡಿದು ಪಡಸಾಲೆಗೆ ಬಂದರು.

ಕಾರಣವು ಸರಳವಾಗಿತ್ತು. ಮೊಬೈಲಿನ ಗೆರೆಗಳು ಮೊಬೈಲಿಗೂ ಪಕ್ಕದ ಘಟಕಕ್ಕೂ ಇರುವ ನಂಟನ್ನು ತೋರಿಸುತ್ತವೆಯೇ ಹೊರತು, ಆ ಘಟಕಕ್ಕೂ ಮೂಲಕ್ಕೂ ಇರುವ ನಂಟನ್ನಲ್ಲ. ಮೂಲದಿಂದ ತನಗೇ ಏನೂ ಕೇಳಿಸದ ಘಟಕವು ಇನ್ನೊಬ್ಬರಿಗೆ ಏನನ್ನು ತಲುಪಿಸೀತು? ಕತ್ತಲ ಕೋಣೆಗೆ ಬೆಳಕು ಬೇಕೆಂದು ಎಣ್ಣೆಯಿಲ್ಲದ ಹಣತೆಯನ್ನು ಒಯ್ದಿಟ್ಟಂತಾಗಿತ್ತು ಅದು. ಘಟಕವನ್ನು ಸಿಗ್ನಲ್ ಸತ್ತ ಕೋಣೆಯಲ್ಲಲ್ಲ, ಸಿಗ್ನಲ್ ಇನ್ನೂ ಚೆನ್ನಾಗಿ ಬದುಕಿರುವ ನಡುದಾರಿಯಲ್ಲಿ ಇಡಬೇಕು. ಮೆಶ್ ಅಳವಡಿಕೆಯಲ್ಲಿ ನೆನಪಿಡಬೇಕಾದ ನಿಯಮವು ಒಂದೇ ಒಂದಿದ್ದರೆ, ಅದು ಇದೇ.

ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಹಿಂದೆ ದೀಪವಿಡುತ್ತಿದ್ದ ಗೂಡೊಂದಿದೆ. ಘಟಕವನ್ನಿಡಲು ಅದು ಹೇಳಿ ಮಾಡಿಸಿದಂತೆ ತೋರುತ್ತದೆ. ಆದರೆ ಗೂಡಿನ ಸುತ್ತಲೂ ಕಲ್ಲೇ ಇರುವುದರಿಂದ ಅಲೆಗೆ ಮುಂದಿನ ಬಾಯಿಯೊಂದೇ ದಾರಿ. ಆದುದರಿಂದ ಗೂಡನ್ನು ಬಿಟ್ಟು, ಚೌಕಟ್ಟಿನ ಬದಿಯಲ್ಲಿ ಎದೆಯೆತ್ತರಕ್ಕೆ ಮರದ ಹಲಗೆಯೊಂದನ್ನು ಹೊಡೆದು ಅದರ ಮೇಲೆ ಘಟಕವನ್ನು ಇರಿಸಿದೆವು. ಒಂದು ಕಡೆ ತೆರೆದ ಅಂಗಳದ ಮೂಲಕ ಪಡಸಾಲೆಯ ಬಾಗಿಲು ಅದಕ್ಕೆ ಕಾಣುತ್ತದೆ. ಇನ್ನೊಂದು ಕಡೆ ತಾಯಿಯವರ ಕೋಣೆಯ ಬಾಗಿಲು. ಕಲ್ಲನ್ನು ಭೇದಿಸಲು ಹೋಗದೆ, ಹಿರಿಯರು ಗಾಳಿಗೆಂದು ಬಿಟ್ಟ ಬಾಗಿಲುಗಳಲ್ಲೇ ಅಲೆಯೂ ನುಸುಳಿತು. ಹಾಸಿಗೆಯ ಬಳಿ ಮೈನಸ್ 61 ತೋರಿತು.

ತೊಡಕುಗಳು ಮತ್ತು ಅವುಗಳ ಪರಿಹಾರ

ಇಷ್ಟಕ್ಕೇ ಎಲ್ಲವೂ ಸರಿಹೋಗಲಿಲ್ಲ. ಫೈಬರಿನವರು ಕೊಟ್ಟ ಪೆಟ್ಟಿಗೆಯೂ ಒಂದು ರೂಟರ್, ಮೆಶ್‌ನ ಮೊದಲ ಘಟಕವೂ ಒಂದು ರೂಟರ್. ಎರಡೂ ತಾವೇ ಯಜಮಾನರೆಂದು ಬಗೆದು ತಮ್ಮ ತಮ್ಮ ಉಪಕರಣಗಳಿಗೆ ಪ್ರತ್ಯೇಕವಾಗಿ ವಿಳಾಸಗಳನ್ನು ಹಂಚತೊಡಗಿದವು. ಹೀಗಾದಾಗ ಕೆಲವು ಕರೆಗಳು ಸೇರುವುದಿಲ್ಲ, ಪ್ರಿಂಟರ್ ಇದ್ದೂ ಕಾಣುವುದಿಲ್ಲ. ಒಂದು ಮನೆಗೆ ಒಬ್ಬರೇ ಯಜಮಾನರು ಇರಬೇಕು. ಮೆಶ್ ಅನ್ನು ಆಕ್ಸೆಸ್ ಪಾಯಿಂಟ್ ಎಂಬ ಸ್ಥಿತಿಗೆ ಬದಲಾಯಿಸಿದರೆ, ಇಲ್ಲವೇ ಫೈಬರ್ ಪೆಟ್ಟಿಗೆಯನ್ನು ಬ್ರಿಜ್ ಸ್ಥಿತಿಗೆ ತಂದರೆ ಜಗಳ ತೀರುತ್ತದೆ. ಜೊತೆಗೆ ಹಳೆಯ ಪೆಟ್ಟಿಗೆಯ ವೈಫೈಯನ್ನು ಆರಿಸಬೇಕು. ಇಲ್ಲವಾದರೆ ಮೊಬೈಲುಗಳು ಹಳೆಯ ಹೆಸರಿಗೇ ಜೋತುಬೀಳುತ್ತವೆ.

ಎರಡನೆಯದು ವೇಗದ ಪ್ರಶ್ನೆ. ಘಟಕವೊಂದು ಕೇಳುವುದಕ್ಕೂ ಹೇಳುವುದಕ್ಕೂ ಒಂದೇ ರೇಡಿಯೋವನ್ನು ಬಳಸಿದರೆ, ಪ್ರತಿ ಹಂತದಲ್ಲಿ ವೇಗವು ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಇದಕ್ಕೆ ಉತ್ತಮ ಮದ್ದು ತಂತಿ. ಕ್ಯಾಟ್ 6 ಕೇಬಲ್ 100 ಮೀಟರಿನವರೆಗೆ ಚೆನ್ನಾಗಿ ಕೆಲಸ ಮಾಡುತ್ತದೆ. ತಗಡಿನ ಛಾವಣಿಯ ಮಹಡಿ ಕೋಣೆಯಲ್ಲಿ ಪಿಯುಸಿ ಓದುತ್ತಿರುವ ಅಣ್ಣನ ಮಗಳ ಪಾಠಗಳು ನಡುನಡುವೆ ನಿಲ್ಲುತ್ತಿದ್ದುದರಿಂದ ಅಲ್ಲಿಗೆ ತಂತಿಯನ್ನೇ ಎಳೆದೆವು. ಗೋಡೆಗೆ ರಂಧ್ರ ಕೊರೆಯುವ ಅಗತ್ಯ ಬೀಳಲಿಲ್ಲ. ಬೆಳಕಿಂಡಿಯ ಮೂಲಕ, ಸೂರಿನ ಅಂಚಿನ ಕೆಳಗೆ ಅದು ಸಾಗಿತು. ಇಲಿ ಕಡಿಯದಂತೆ ಪಿವಿಸಿ ಪೈಪಿನೊಳಗೆ ಹಾಯಿಸಬೇಕು. ಗುಡುಗು ಸಿಡಿಲಿನ ಭಯದಿಂದ ಬಯಲಿನಲ್ಲಿ ತೂಗುಬಿಡಬಾರದು.

ಮೂರನೆಯದು ನೆರೆಹೊರೆಯ ಗದ್ದಲ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದಕ್ಕೊಂದು ತಾಗದ ಚಾನಲ್‌ಗಳು 1, 6 ಮತ್ತು 11 ಮಾತ್ರ. ಇಕ್ಕಟ್ಟಾದ ಓಣಿಯಲ್ಲಿ ಎಲ್ಲರೂ ಒಂದರ ಮೇಲೆಯೇ ಕುಳಿತರೆ ಯಾರಿಗೂ ಸರಿಯಾಗಿ ಕೇಳಿಸದು. ಪಕ್ಕದವರು 6ರಲ್ಲಿದ್ದರೆ ನಾವು 1ಕ್ಕೋ 11ಕ್ಕೋ ಸರಿಯುವುದು ನಮಗೂ ಅವರಿಗೂ ಹಿತ.

ನಾಲ್ಕನೆಯದು ವಿದ್ಯುತ್ತು. ಮೆಶ್‌ನ ಪ್ರತಿ ಘಟಕಕ್ಕೂ ಪ್ರತ್ಯೇಕ ವಿದ್ಯುತ್ ಬೇಕು. ನಡುವಿನದು ಆರಿದರೆ, ಅದರಾಚೆಗಿನವರೆಲ್ಲ ಕತ್ತಲಲ್ಲಿ ಉಳಿಯುತ್ತಾರೆ. ಫೈಬರ್ ಪೆಟ್ಟಿಗೆಗೂ ಮೊದಲ ಘಟಕಕ್ಕೂ ನಡುಘಟಕಕ್ಕೂ ಸಣ್ಣ ಬ್ಯಾಟರಿ ಯುಪಿಎಸ್‌ಗಳನ್ನು ಜೋಡಿಸಿದರೆ ಕರೆಂಟು ಹೋದರೂ ಮಾತು ಕಡಿಯುವುದಿಲ್ಲ. ಕೊಳ್ಳುವಾಗ ಅವುಗಳ ವೋಲ್ಟೇಜು ಘಟಕದ ಅಡಾಪ್ಟರಿನೊಡನೆ ಹೊಂದುತ್ತದೆಯೇ ಎಂದು ನೋಡಬೇಕು. ಕರೆಂಟು ಬಂದ ಮೇಲೆ ಎಲ್ಲವೂ ತಡವರಿಸುತ್ತಿದ್ದರೆ ಮೊದಲು ಫೈಬರ್ ಪೆಟ್ಟಿಗೆ, ಅದರ ದೀಪ ಸ್ಥಿರವಾದ ಬಳಿಕ ಮೊದಲ ಘಟಕ, ಕೊನೆಗೆ ಉಳಿದವು ಎಂಬ ಕ್ರಮದಲ್ಲಿ ಚಾಲೂ ಮಾಡಬೇಕು. ಮೂಲವು ಎಚ್ಚರಗೊಳ್ಳುವ ಮೊದಲೇ ಕವಲುಗಳನ್ನು ಎಬ್ಬಿಸಿ ಫಲವಿಲ್ಲ.

ಹಂಚಿಕೆಯ ಹೊಣೆ

ಈ ಅಲೆಗಳು ಯಾರ ಖಾಸಗಿ ಸೊತ್ತೂ ಅಲ್ಲ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ, 5 ಗಿಗಾಹರ್ಟ್ಸ್‌ನ ವಿಶಾಲ ಭಾಗವನ್ನು 2018ರಲ್ಲಿ ಪರವಾನಗಿಯ ಅಗತ್ಯವಿಲ್ಲದೆ ಬಳಸಲು ಬಿಟ್ಟುಕೊಡಲಾಯಿತು. ಕೆರೆಯ ನೀರಿನಂತೆ ಎಲ್ಲರಿಗೂ ಸೇರಿದ್ದನ್ನು ಬಳಸುವಾಗ ನೆರೆಯವರ ಹಕ್ಕೂ ನೆನಪಿನಲ್ಲಿರಬೇಕು. ಕಾಕಾನ ಮಗನು ಉದ್ಯೋಗದ ಅರ್ಜಿ ತುಂಬಲು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತಾಗ ಅವನಿಗೆ ಇಲ್ಲವೆನ್ನಲಾಗದು. ಹಾಗೆಂದು ಮನೆಯ ಪಾಸ್‌ವರ್ಡನ್ನು ಓಣಿಗೆಲ್ಲ ಹಂಚುವುದೂ ವಿವೇಕವಲ್ಲ. ನಮ್ಮ ಸಂಪರ್ಕದಿಂದ ನಡೆದುದಕ್ಕೆ ಮೊದಲ ಪ್ರಶ್ನೆ ನಮಗೇ ಬರುತ್ತದೆ. ಮೆಶ್‌ನಲ್ಲಿ ಅತಿಥಿಗಳಿಗೆಂದೇ ಪ್ರತ್ಯೇಕ ಜಾಲವನ್ನು ತೆರೆಯುವ ಅನುಕೂಲವಿದೆ. ಅದರಲ್ಲಿ ಬಂದವರಿಗೆ ಅಂತರ್ಜಾಲ ಸಿಗುತ್ತದೆ, ಮನೆಯೊಳಗಿನ ಉಪಕರಣಗಳು ಕಾಣುವುದಿಲ್ಲ. ಪಡಸಾಲೆಯಲ್ಲಿ ಅತಿಥಿಗೆ ಆದರ, ಒಳಮನೆಗೆ ಮರೆ ಎಂಬ ನಮ್ಮ ಮನೆಗಳ ಹಳೆಯ ರೀತಿಯೇ ಇಲ್ಲಿಯೂ ಇದೆ.

ಈಗ ಶುಕ್ರವಾರದ ಕರೆ ಬಂದಾಗ ತಾಯಿಯವರ ಕೋಣೆಯ ಬಾಗಿಲು ಮುಕ್ಕಾಲು ಮುಚ್ಚಿರುತ್ತದೆ. ಒಳಗೆ ಏನು ಮಾತಾಗುತ್ತದೆಂದು ನನಗೆ ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ಒಮ್ಮೊಮ್ಮೆ ನಗು ಕೇಳಿಸುತ್ತದೆ, ಒಮ್ಮೊಮ್ಮೆ ದೀರ್ಘ ಮೌನ. ಪಡಸಾಲೆಯಲ್ಲಿ ಐದು ನಿಮಿಷಕ್ಕೆ ಮುಗಿಯುತ್ತಿದ್ದ ಮಾತು ಅಲ್ಲಿ ಒಂದು ತಾಸಿನವರೆಗೂ ನಡೆಯುತ್ತದೆ.

ಪ್ರಿಯ ಓದುಗರೇ, ಮನೆಯಲ್ಲಾಗಲಿ ಸಮುದಾಯದಲ್ಲಾಗಲಿ ನಮ್ಮಲ್ಲಿ ಹೆಚ್ಚಿನವರು ಮೂಲವೂ ಅಲ್ಲ, ಕೊನೆಯೂ ಅಲ್ಲ, ನಡುವಿನ ಘಟಕಗಳು. ಹಿರಿಯರಿಂದ ಪಡೆದು ಕಿರಿಯರಿಗೆ, ಉಳ್ಳವರಿಂದ ಪಡೆದು ಇಲ್ಲದವರಿಗೆ ತಲುಪಿಸಬೇಕಾದವರು. ತಲುಪಿಸುವ ಉತ್ಸಾಹವೊಂದಿದ್ದರೆ ಸಾಲದು. ಮೊದಲು ನಾವು ಸ್ಪಷ್ಟವಾಗಿ ಕೇಳಿಸಿಕೊಂಡಿರಬೇಕು. ನಿಮ್ಮ ಮನೆಯಲ್ಲಿ ಇಂತಹ ವ್ಯವಸ್ಥೆಯನ್ನು ಮಾಡುವವರಿದ್ದರೆ, ಅಳತೆಯನ್ನು ಯಜಮಾನನ ಕುರ್ಚಿಯಿಂದ ಆರಂಭಿಸಬೇಡಿರಿ. ಎದ್ದು ಬರಲಾಗದವರು ಯಾವ ಕೋಣೆಯಲ್ಲಿದ್ದಾರೆಂದು ಮೊದಲು ಕೇಳಿರಿ. ಅಲ್ಲಿ ನಿಂತು ಅಳೆಯಿರಿ. ಅಲ್ಲಿಗೆ ತಲುಪಿದ್ದು ಉಳಿದ ಕಡೆಗಳಿಗೂ ತಲುಪೀತು.